ಎರಡು ರೆಕಾರ್ಡ್ ಪ್ಲೇಯರುಗಳ ಮನೆ

ಅವರು ತೀರಿಕೊಂಡ ಸುದ್ದಿ ಬಂದಾಗ ನಾನು ಕಾರ್ಕಳದಲ್ಲಿ ತಂಗಿಯ ಮನೆಯಲ್ಲಿದ್ದೆ. ಫೋನು ಮಾಡಿದ ಹಳೆಯ ಸಹೋದ್ಯೋಗಿ, "ನಮ್ಮ ಫಿಸಿಕ್ಸ್ ಹೋದ್ರು ಮಾರಾಯ್ತಿ" ಎಂದಳು. ನಮ್ಮ ಸ್ಟಾಫ್ ರೂಮಿನಲ್ಲಿ ಯಾರಿಗೂ ಸ್ವಂತ ಹೆಸರು ಇರಲಿಲ್ಲ. ಕಲಿಸುವ ವಿಷಯವೇ ಹೆಸರು. ಅವರು ಫಿಸಿಕ್ಸ್, ನಾನು ಕನ್ನಡ. ಫೋನಿಟ್ಟ ಮೇಲೆ ತಂಗಿ "ಯಾರಕ್ಕ ಅದು?" ಎಂದು ಕೇಳಿದಳು. ನಾನು ಉಡುಪಿಯ ಬಸ್ಸು ಎಷ್ಟು ಹೊತ್ತಿಗೆಂದು ಕೇಳಿದೆ.

ಆಮೇಲೆ ಉಡುಪಿಯಲ್ಲಿ ನಡೆದ ಶ್ರದ್ಧಾಂಜಲಿ ಸಭೆಯಲ್ಲಿ ಮಾತಾಡಿದವರೆಲ್ಲ ಅವರ ಧೈರ್ಯವನ್ನೇ ಹೊಗಳಿದರು. ಅದು ಸುಳ್ಳಲ್ಲ. ಆದರೆ ಆ ಧೈರ್ಯವಂತೆ ಹೆದರಿ ಬಿಳಿಚಿಕೊಂಡದ್ದನ್ನು ಪಕ್ಕದಲ್ಲಿ ಕುಳಿತು ನೋಡಿದವಳು ನಾನು. ಅವರ ಬಗ್ಗೆ ಬರೆಯುವುದಿದ್ದರೆ ನಾನು ಬರೆಯಬಹುದಾದದ್ದು ಅದನ್ನೇ.

ಎಪ್ಪತ್ತರ ದಶಕದ ನಡುವಿನಲ್ಲಿ ನಾನು ಉಡುಪಿಯ ಒಂದು ಹುಡುಗಿಯರ ಕಾಲೇಜಿಗೆ ಕೆಲಸಕ್ಕೆ ಸೇರಿದೆ. ಸ್ಟಾಫ್ ರೂಮಿನಲ್ಲಿ ಚಹಾದ ನೀರು ಬಿಸಿ ಮಾಡುವ ಕಾಯಿಲ್ ಒಂದಿತ್ತು. ಮೊದಲ ದಿನ ನಾನು ಬೆರಳಿಗೆ ಸೆರಗು ಸುತ್ತಿಕೊಂಡು ಅದರ ಸ್ವಿಚ್ಚು ಒತ್ತಿದ್ದನ್ನು ಅವರು ನೋಡಿಬಿಟ್ಟರು. ಇಡೀ ಕೋಣೆಗೆ ಕೇಳುವ ಹಾಗೆ ನಕ್ಕರು.

"ಎಂತ ಕನ್ನಡ, ಕರೆಂಟು ಹುಲಿಯಾ ಕಚ್ಚಲಿಕ್ಕೆ?"

"ಹೆದರಿಕೆ ಆಗ್ತದೆ ಮೇಡಂ."

"ಹೆದರಿಕೆ ಅಂದ್ರೆ ಎಂತ ಗೊತ್ತುಂಟಾ? ಇನ್ನೂ ಅಳತೆ ಮಾಡದ ವಿಷಯ. ಅಳತೆ ಮಾಡು, ಅದು ಹೋಗ್ತದೆ." ಹಾಗೆಂದವರು ಲ್ಯಾಬಿನಿಂದ ಮೀಟರ್ ತರಿಸಿ, ಆ ಸ್ವಿಚ್ಚಿನ ಮೇಲಿಟ್ಟು, ಮುಳ್ಳು ಅಲುಗದ್ದನ್ನು ತೋರಿಸಿ, ನನ್ನ ಕೈಹಿಡಿದು ಬರಿ ಬೆರಳಿನಿಂದ ಒತ್ತಿಸಿದರು. ನನ್ನ ಹೆದರಿಕೆ ಹೋಗಲಿಲ್ಲ. ಆದರೆ ಅವರ ಮೇಲೆ ಪ್ರೀತಿ ಹುಟ್ಟಿತು.

ಎತ್ತರದ, ಅಗಲ ಭುಜದ ಹೆಂಗಸು. ದಪ್ಪ ಸ್ವರ. ಹತ್ತಿ ಸೀರೆ, ಮುಡಿಯಲ್ಲಿ ಶಂಕರಪುರದ ಮಲ್ಲಿಗೆ. ಅವರಿಗೆ ಲೋಕ ಕಣ್ಣಿಗಿಂತ ಕಿವಿಗೆ ಹೆಚ್ಚು ಕಾಣುತ್ತಿತ್ತು. ರಥಬೀದಿಯ ಅಂಗಡಿಯಲ್ಲಿ ಕಂಚಿನ ಪಾತ್ರೆ ಕೊಳ್ಳುವಾಗ ಬೆರಳಿನ ಗೆಣ್ಣಿನಿಂದ ಕುಟ್ಟಿ, ಕಣ್ಣು ಮುಚ್ಚಿ ಕೇಳಿ, "ಇದರಲ್ಲಿ ಬಿರುಕು ಉಂಟು" ಎಂದು ಹಿಂದೆ ಕೊಡುತ್ತಿದ್ದರು. ಅಂಗಡಿಯವನು ಬಿಸಿಲಿಗೆ ಹಿಡಿದು ನೋಡಿ ತಲೆ ಕೆರೆದುಕೊಳ್ಳುತ್ತಿದ್ದ. ಕಾರಿಡಾರಿನಲ್ಲಿ ಚಪ್ಪಲಿಯ ಸದ್ದು ಕೇಳಿದ ಕೂಡಲೇ, "ಕೆಮಿಸ್ಟ್ರಿ ಬರ್ತಾ ಉಂಟು, ಸಿಟ್ಟಿನಲ್ಲಿ ಉಂಟು" ಎನ್ನುವರು. ಕೆಮಿಸ್ಟ್ರಿ ಸಿಟ್ಟಿನಲ್ಲೇ ಒಳಗೆ ಬರುತ್ತಿದ್ದರು.

ಅವರ ಮನೆ ಕಡಿಯಾಳಿಯಲ್ಲಿ, ದೇವಸ್ಥಾನದ ಹಿಂದಿನ ಓಣಿಯಲ್ಲಿತ್ತು. ನಾನು ಬಾಡಿಗೆಗಿದ್ದ ಕೋಣೆ ಅಲ್ಲೇ ಹತ್ತಿರ. ಗಂಡ ಹಡಗಿನಲ್ಲಿ ಇಂಜಿನಿಯರ್. ಹಡಗಿಗೆ ಹೋಗುವ ಯಾರನ್ನೇ ಆದರೂ ನಮ್ಮ ಓಣಿಯವರು ಕ್ಯಾಪ್ಟನ್ ಎಂದೇ ಕರೆಯುತ್ತಿದ್ದುದರಿಂದ ಅವರು ಎಲ್ಲರಿಗೂ ಕ್ಯಾಪ್ಟನ್. ತಿಂಗಳುಗಟ್ಟಲೆ ಸಮುದ್ರದಲ್ಲಿದ್ದು, ರಜೆಯಲ್ಲಿ ಬಂದಾಗ ಪಂಚೆ ಉಟ್ಟುಕೊಂಡು ಹೆಂಡತಿಗೆ ಅಡುಗೆ ಮಾಡಿ ಹಾಕುವ, ಮೆಲುಮಾತಿನ ಮನುಷ್ಯ. ಮಕ್ಕಳಿರಲಿಲ್ಲ. ಮನೆಯಲ್ಲಿ ಹೆಂಡತಿಯೊಂದಿಗೆ ಇದ್ದದ್ದು ರೆಕಾರ್ಡ್ ಪ್ಲೇಯರ್. ಮದುವೆಯಾದ ಹೊಸದರಲ್ಲಿ ಕ್ಯಾಪ್ಟನ್ ಸಿಂಗಾಪುರದಿಂದ ತಂದದ್ದಂತೆ. ಮರದ ಪೆಟ್ಟಿಗೆ, ಮೇಲೆ ಭಾರದ ತಟ್ಟೆ, ಮೂಲೆಯಲ್ಲಿ ಸಣ್ಣ ಮೋಟಾರು. ಮೋಟಾರಿನಿಂದ ತಟ್ಟೆಗೆ ಒಂದು ರಬ್ಬರ್ ಬೆಲ್ಟು. ಹೊಲಿಗೆ ಮೆಷಿನ್ನಿನ ಚಕ್ರಕ್ಕೆ ಇರುವ ಹಾಗೆ.

ರಜಾದಿನಗಳಲ್ಲಿ ನನ್ನನ್ನು ಕರೆದು ಕುಳ್ಳಿರಿಸಿ ಕೊಳಲು, ವಯಲಿನ್, ಪಿಯಾನೋ ಎಲ್ಲ ಕೇಳಿಸುತ್ತಿದ್ದರು. ಪಿಯಾನೋ ನನಗೆ ಹೊಸತು. ಒಂದು ಸ್ವರ ಬಾರಿಸಿ ಬಿಟ್ಟರೆ ಅದು ಗಾಳಿಯಲ್ಲಿ ಕರಗುವವರೆಗೆ ಅವರು ಉಸಿರು ಬಿಡುತ್ತಿರಲಿಲ್ಲ. "ನೋಡು, ಬಾಲದಲ್ಲಿ ಸ್ವಲ್ಪ ಅಲುಗಿತು. ಬೆಲ್ಟು ಸಡಿಲ ಆಗಿದೆ. ನಮ್ಮ ಊರಿನ ಸೆಕೆಗೆ ರಬ್ಬರ್ ನಿಲ್ಲುವುದಿಲ್ಲ ಮಾರಾಯ್ತಿ." ನನಗೆ ಅಲುಗಿದ್ದು ಕೇಳುತ್ತಿರಲಿಲ್ಲ. ಕೇಳಿತು ಎಂದು ತಲೆಯಾಡಿಸುತ್ತಿದ್ದೆ. ಅವರಿಗೆ ಅದೂ ಗೊತ್ತಾಗಿ ನಗುತ್ತಿದ್ದರು.

ಎಂಬತ್ತರ ದಶಕ ಹುಟ್ಟಿದ ಸುಮಾರಿಗೆ ಕ್ಯಾಪ್ಟನ್ ಜಪಾನಿನಿಂದ ಎರಡನೆಯದನ್ನು ತಂದರು. ಇಬ್ಬರು ಹಿಡಿದು ಒಳಗೆ ತರಬೇಕಾದ ಭಾರ. ಅದರಲ್ಲಿ ಬೆಲ್ಟೇ ಇಲ್ಲ. ಮೋಟಾರಿನ ಕಂಬದ ಮೇಲೆಯೇ ತಟ್ಟೆ ಕೂತಿದೆ. ಡೈರೆಕ್ಟ್ ಡ್ರೈವ್ ಎನ್ನುತ್ತಾರೆ ಅದನ್ನು. ಸ್ವಿಚ್ಚು ಒತ್ತಿದರೆ ಆ ಕ್ಷಣದಲ್ಲೇ ಸರಿಯಾದ ವೇಗ. ಎಷ್ಟು ವರ್ಷವಾದರೂ ವೇಗ ತಪ್ಪುವುದಿಲ್ಲ ಎಂದು ಕ್ಯಾಪ್ಟನ್ ಹೆಮ್ಮೆಯಿಂದ ವಿವರಿಸಿದರು. ಅವರು ಹಡಗಿನ ಇಂಜಿನ್ ನೋಡಿಕೊಳ್ಳುವವರು. ಮಧ್ಯೆ ಬೆಲ್ಟು, ರಬ್ಬರು ಎಂದರೆ ಅವರಿಗೆ ಆಗದು. ಹೆಂಡತಿ ಒಪ್ಪಲಿಲ್ಲ.

"ಮೋಟಾರಿನ ಮೇಲೆಯೇ ರೆಕಾರ್ಡ್ ಇಟ್ರೆ ಮೋಟಾರಿನ ನಡುಕ ಸೂಜಿಗೆ ಬರದೆ ಎಲ್ಲಿ ಹೋಗ್ತದೆ? ರಬ್ಬರ್ ಆ ನಡುಕವನ್ನು ನುಂಗ್ತದೆ. ನಿಮ್ಮದರಲ್ಲಿ ನುಂಗುವವರು ಯಾರು?"

"ನಡುಕ ಇಲ್ಲದ ಮೋಟಾರು ಮಾಡಿದ್ದಾರೆ ಮಾರಾಯ್ತಿ ಅವರು. ನಿನ್ನದರಲ್ಲಿ ಪಿಯಾನೋ ಕೆರೆಯಲ್ಲಿ ಮುಳುಗಿ ಎದ್ದ ಹಾಗೆ ಕೇಳ್ತದೆ."

"ಮುಳುಗಲಿ. ಗುಂಯ್ ಅನ್ನುವುದಿಲ್ಲ."

ಈ ಜಗಳ ಅವರ ಸಂಸಾರದ ಸೊಗಸು. ದೂರ ಇರುವವರಿಗೆ ಮಾತಾಡಲು ಒಂದು ವಿಷಯ ಬೇಕಲ್ಲ. ಆ ರಜೆಯಲ್ಲಿ ಕ್ಯಾಪ್ಟನ್ ಕಾರ್ಕಳದಿಂದ ಒಂದು ಕರಿಕಲ್ಲಿನ ಹಾಸು ತರಿಸಿ, ಎರಡನ್ನೂ ಅದರ ಮೇಲೆ ಅಕ್ಕಪಕ್ಕ ಇಟ್ಟು, ಎರಡರ ತಂತಿಯನ್ನೂ ಒಂದೇ ಆಂಪ್ಲಿಫಯರಿಗೆ ಜೋಡಿಸಿ ಹಡಗಿಗೆ ಹೋದರು.

ಆಮೇಲೆ ಕೆಲವು ತಿಂಗಳಿಗೆ ಮೇಡಂ ಸ್ಟಾಫ್ ರೂಮಿಗೆ ಗೆದ್ದವರ ಹಾಗೆ ಬಂದರು. "ಕೇಳಿತು ಕನ್ನಡ! ಇವರ ಜಪಾನಿನಲ್ಲಿ ಗುಂಯ್ ಉಂಟು. ಸಣ್ಣಕ್ಕೆ, ಬಲಗಡೆಯ ಸ್ಪೀಕರಿನಲ್ಲಿ. ದೂರದಲ್ಲಿ ಅಕ್ಕಿ ಗಿರಣಿ ಓಡಿದ ಹಾಗೆ."

ಸಂಜೆ ನಾನು ಹೋಗಿ ಕೇಳಿದೆ. ನನಗೆ ಏನೂ ಕೇಳಲಿಲ್ಲ. ಅದರಲ್ಲೇನೂ ವಿಶೇಷವಿರಲಿಲ್ಲ. ಆದರೆ ಅವರಿಗೆ ಬರೇ ಕೇಳಿದರೆ ಸಾಲದು, ಕಾರಣ ಬೇಕು. ಅರ್ಥಿಂಗ್ ಸರಿಯಿಲ್ಲವೆಂದು ಹೊಸ ತಂತಿ ಹಾಕಿಸಿದರು. ಗುಂಯ್ ಹೋಗಲಿಲ್ಲ. ಫ್ರಿಜ್ಜನ್ನು ಆರಿಸಿದರು. ಫ್ಯಾನು ನಿಲ್ಲಿಸಿದರು. ಕಲ್ಲಿನ ಕೆಳಗೆ ರಬ್ಬರ್ ಚಪ್ಪಲಿಯ ತುಂಡುಗಳನ್ನು ಇಟ್ಟರು. ಎಡದ ಸ್ಪೀಕರನ್ನು ಬಲಕ್ಕೂ ಬಲದ್ದನ್ನು ಎಡಕ್ಕೂ ಬದಲಾಯಿಸಿದರು. ಸದ್ದು ಮಾತ್ರ ಬಲಗಡೆಯಲ್ಲೇ ಉಳಿಯಿತು. ಈ ಕೊನೆಯ ಮಾತನ್ನು ಹೇಳಿದಾಗ ಅವರ ಹುಬ್ಬು ಗಂಟಾಗಿತ್ತು. "ಅದು ಹೇಗೆ ಸಾಧ್ಯ?" ಎಂದು ನನ್ನನ್ನಲ್ಲ, ತಮ್ಮನ್ನೇ ಕೇಳಿಕೊಂಡರು.

ಮುಂದಿನ ರಜೆಗೆ ಕ್ಯಾಪ್ಟನ್ ಬಂದಾಗ ಒಂದು ಭಾನುವಾರ ಮಧ್ಯಾಹ್ನ ಪಂದ್ಯ ಇಟ್ಟರು. ಊಟಕ್ಕೆ ಕರೆದಿದ್ದ ನಾವು ನಾಲ್ಕಾರು ಸಹೋದ್ಯೋಗಿಗಳೇ ಪ್ರೇಕ್ಷಕರು. ಒಂದೇ ಪಿಯಾನೋ ರೆಕಾರ್ಡಿನ ಎರಡು ಪ್ರತಿಗಳನ್ನು ಎರಡು ಪ್ಲೇಯರುಗಳಲ್ಲಿ ಹಾಕಿ, ಮುಂದೆ ಬೆಡ್‌ಶೀಟಿನ ಪರದೆ ಕಟ್ಟಿದರು. ಕ್ಯಾಪ್ಟನ್ ಪರದೆಯ ಹಿಂದೆ ನಿಂತು ಆಂಪ್ಲಿಫಯರಿನ ಗುಂಡಿ ತಿರುಗಿಸುತ್ತಾರೆ. ಇವರು ಕಣ್ಣು ಮುಚ್ಚಿ ಯಾವುದೆಂದು ಹೇಳಬೇಕು. ನಾನು ಗೋಡೆಯ ಬದಿಯ ಸ್ಟೂಲಿನಲ್ಲಿದ್ದುದರಿಂದ ಪರದೆಯ ಎರಡೂ ಕಡೆ ನನಗೆ ಕಾಣುತ್ತಿತ್ತು.

"ಬೆಲ್ಟು," ಎಂದರು. ಸರಿ. "ಡೈರೆಕ್ಟ್." ಸರಿ. "ಮತ್ತೆ ಬೆಲ್ಟು." ಅದೂ ಸರಿ. ನಾವು ಚಪ್ಪಾಳೆ ತಟ್ಟಿದೆವು.

"ಹಾಡು ಬೇಡ," ಎಂದರು ಅವರು ಉತ್ಸಾಹದಲ್ಲಿ. "ಹಾಡು ಸುರುವಾಗುವ ಮೊದಲು ಖಾಲಿ ಗೆರೆ ಉಂಟಲ್ಲ, ಅಲ್ಲಿ ಸೂಜಿ ಇಡಿ. ಮೋಟಾರಿನ ನಿಜಬಣ್ಣ ಅಲ್ಲಿ ಗೊತ್ತಾಗುವುದು."

ಕ್ಯಾಪ್ಟನ್ ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದರು. ಎರಡೂ ರೆಕಾರ್ಡುಗಳ ಮೇಲಿನ ಸೂಜಿ ಎತ್ತಿದರು. ಎರಡೂ ತಟ್ಟೆಗಳನ್ನು ನಿಲ್ಲಿಸಿದರು. ಆಂಪ್ಲಿಫಯರನ್ನೇ ಆರಿಸಿದರು. ಕೈಕಟ್ಟಿ ನಿಂತರು.

ಕೋಣೆ ನಿಶ್ಶಬ್ದವಾಯಿತು. ಅವರು ಕಣ್ಣು ಮುಚ್ಚಿ, ಕತ್ತು ಸ್ವಲ್ಪ ವಾಲಿಸಿ ಕೇಳುತ್ತಿದ್ದರು. ಮುಖದ ಮೇಲೆ ನಗು ಮೂಡಿತು.

"ಇದು ನಿಮ್ಮದು. ಜಪಾನು. ಚೆನ್ನಾಗಿ ಕೇಳ್ತಾ ಉಂಟು, ಗುಂಯ್ ಅಂತ."

ಎಲ್ಲರೂ ಹೋ ಎಂದು ನಕ್ಕರು. ಕ್ಯಾಪ್ಟನ್ ಪರದೆ ಸರಿಸಿ ನಿಂತ ತಟ್ಟೆಗಳನ್ನು ತೋರಿಸಿದರು. ಕಣ್ಣು ಬಿಟ್ಟ ಅವರು ಒಂದು ತಟ್ಟೆ ನೋಡಿದರು, ಇನ್ನೊಂದು ನೋಡಿದರು, ಆಂಪ್ಲಿಫಯರಿನ ಆರಿದ್ದ ಕೆಂಪು ದೀಪವನ್ನು ನೋಡಿದರು. ಮುಖದ ರಕ್ತ ಇಳಿದದ್ದು ನನಗೆ ಕಂಡಿತು. ಮರುಕ್ಷಣ, "ಅಯ್ಯೋ, ನಿಮ್ಮನ್ನು ಖುಷಿ ಮಾಡ್ಲಿಕ್ಕೆ ಹೇಳಿದ್ದು. ನೀವು ಮೋಸ ಮಾಡ್ತೀರಿ ಅಂತ ನನಗೆ ಗೊತ್ತಿತ್ತು" ಎಂದು ನಕ್ಕು, ಪಾಯಸ ತರಲು ಎದ್ದು ಒಳಗೆ ಹೋದರು. ಒಳಗಿನಿಂದ ಬಹಳ ಹೊತ್ತು ಪಾತ್ರೆಯ ಸದ್ದೇ ಕೇಳಲಿಲ್ಲ. ನಾನು ಹೋಗಿ ನೋಡಿದರೆ ಒಲೆಯ ಮುಂದೆ ಬಲಗಿವಿಗೆ ಅಂಗೈ ಒತ್ತಿಕೊಂಡು ನಿಂತಿದ್ದರು. ನನ್ನನ್ನು ಕಂಡು ಕೈ ಇಳಿಸಿ, "ದ್ರಾಕ್ಷಿ ಎಲ್ಲಿಟ್ಟೆ ಅಂತ ನೆನಪಾಗುವುದಿಲ್ಲ" ಎಂದರು.

ಕ್ಯಾಪ್ಟನ್ ರಜೆ ಮುಗಿಸಿ ಹೊರಟರು. ಅವರು ಹೋದ ವಾರವೇ ನಾನು ಒಂದು ಮಧ್ಯಾಹ್ನ ಮನೆಗೆ ಹೋದೆ. ಬಾಗಿಲು ತೆರೆದೇ ಇತ್ತು. ಮೇಡಂ ಹಾಲ್‌ನಲ್ಲಿ ಒಬ್ಬರೇ ಕುಳಿತಿದ್ದರು. ಮುಡಿಯಲ್ಲಿ ಹೂವಿರಲಿಲ್ಲ. ಮಾತು ತೆಗೆಯುವಷ್ಟರಲ್ಲಿ ಕರೆಂಟು ಹೋಯಿತು. ಫ್ಯಾನು ನಿಧಾನವಾಗಿ ನಿಂತಿತು. ಫ್ರಿಜ್ಜು ಒಮ್ಮೆ ನಡುಗಿ ಸುಮ್ಮನಾಯಿತು.

"ಈಗ ನಿನಗೆ ಎಂತ ಕೇಳ್ತದೆ?" ಎಂದರು.

"ಏನಿಲ್ಲ. ಹೊರಗೆ ಕಾಗೆ. ಯಾರೋ ಬಟ್ಟೆ ಒಗೀತಿದ್ದಾರೆ."

"ಮತ್ತೆ?"

"ಮತ್ತೆ ಏನಿಲ್ಲ ಮೇಡಂ."

"ನನಗೆ ಅದು ಕೇಳ್ತಾ ಉಂಟು."

ಪ್ಲೇಯರು, ತಂತಿ, ಕಲ್ಲು ಎಲ್ಲವನ್ನೂ ಒಂದೊಂದಾಗಿ ತೆಗೆದುಹಾಕಿ ಕೊನೆಗೆ ಉಳಿದದ್ದು ತಾವೇ ಎಂದು ಅವರಿಗೆ ತಿಳಿದುಬಿಟ್ಟಿತ್ತು. ಬಲಗಿವಿಗೆ ಫೋನು ಹಿಡಿದರೆ ಮಾತು ಅರ್ಥವಾಗುತ್ತಿಲ್ಲವೆಂದು ಆಗಲೇ ಹೇಳಿದರು. ಸಾಬೂನು ಜಾರಿದ ಹಾಗೆ ಒಮ್ಮೊಮ್ಮೆ ನೆಲ ಜಾರುತ್ತದೆ ಎಂದರು.

"ಡಾಕ್ಟರ ಹತ್ರ ಹೋಗುವ ಮೇಡಂ. ಮಣಿಪಾಲ ಎಷ್ಟು ದೂರ?"

"ಹೋಗುವ, ಹೋಗುವ. ಪರೀಕ್ಷೆ ಮುಗಿಯಲಿ."

"ಕ್ಯಾಪ್ಟನಿಗೆ ಹೇಳಿದ್ದೀರಾ?"

"ಹುಚ್ಚಾ ನಿನಗೆ? ಹಡಗಿನಲ್ಲಿ ಹೆದರಿದವರಿಗೆ ಇಳಿದು ಓಡಿ ಬರ್ಲಿಕ್ಕೆ ಜಾಗ ಇಲ್ಲ."

ನನಗೆ ಕೈಹಿಡಿದು ಸ್ವಿಚ್ಚು ಒತ್ತಿಸಿದವರು, ತಮ್ಮ ಸರದಿ ಬಂದಾಗ ಅಳತೆಯಿಂದ ತಪ್ಪಿಸಿಕೊಂಡು ತಿರುಗುತ್ತಿದ್ದರು. ಪರೀಕ್ಷೆ ಮುಗಿಯಿತು. ಪೇಪರ್ ನೋಡುವುದು ಮುಗಿಯಿತು. ಪ್ರತಿಸಲವೂ ಒಂದು ಕಾರಣ. ದಿನಾ ಬೆಳಗ್ಗೆ ಸ್ಟಾಫ್ ರೂಮಿನ ಬಾಗಿಲಲ್ಲಿ ಅವರು ಕಾಣಿಸುವವರೆಗೆ ನಾನು ಪುಸ್ತಕ ತೆರೆಯುತ್ತಿರಲಿಲ್ಲ. ಕಾರಿಡಾರಿನ ಸದ್ದು ಕೇಳಿ ಯಾರು ಬಂದರೆಂದು ಹೇಳುವುದನ್ನು ಅವರು ಬಿಟ್ಟುಬಿಟ್ಟಿದ್ದರು. ಬೇರೆ ಯಾರೂ ಅದನ್ನು ಗಮನಿಸಲಿಲ್ಲ.

ಆ ಬೇಸಗೆಯ ಕೊನೆಯಲ್ಲಿ ಕಾಲೇಜಿನವರೆಲ್ಲ ಕಾಪುವಿಗೆ ಹೋದೆವು. ದೀಪಸ್ತಂಭ ನಿಂತಿರುವ ಬಂಡೆಯನ್ನು ಹತ್ತಲು ಕಲ್ಲಿನಲ್ಲಿ ಮೆಟ್ಟಿಲುಗಳಿವೆ. ಕೆಳಗೆ ಸಮುದ್ರ ಬಂಡೆಗೆ ಬಡಿಯುತ್ತಿರುತ್ತದೆ. ಅವರಿಗೆ ಆ ಜಾಗ ಬಹಳ ಇಷ್ಟ. ಹತ್ತುವಾಗ ಮುಂದೆ ಅವರು, ಹಿಂದೆ ನಾನು. ಮೇಲೆ ತಲುಪಿ ಸ್ವಲ್ಪ ಹೊತ್ತು ಗಾಳಿಗೆ ನಿಂತೆವು. ಇಳಿಯಲು ಎಂದು ತಿರುಗಿದರು ನೋಡಿ, ಯಾರೋ ಭುಜ ಹಿಡಿದು ತಳ್ಳಿದ ಹಾಗೆ ಇಡೀ ಮೈ ಬಲಕ್ಕೆ, ಸಮುದ್ರದ ಕಡೆಗೆ ವಾಲಿತು.

ನಾನು ಕೂಗಲಿಲ್ಲ. ಕೈಗೆ ಸಿಕ್ಕಿದ್ದು ಅವರ ಸೆರಗು. ಅದನ್ನು ಮುಷ್ಟಿಯಲ್ಲಿ ಹಿಡಿದು ಹಿಂದಕ್ಕೆ ಕುಳಿತುಬಿಟ್ಟೆ. ಹೆಗಲಿನ ಪಿನ್ನು ಕಿತ್ತುಹೋಯಿತು, ಆದರೆ ಸೀರೆ ತಡೆದುಕೊಂಡಿತು. ಅವರು ಮಂಡಿಯೂರಿ, ಎರಡೂ ಅಂಗೈಗಳನ್ನು ಬಂಡೆಗೆ ಒತ್ತಿ, ತಲೆ ತಗ್ಗಿಸಿ ಉಸಿರಾಡುತ್ತಿದ್ದರು. ಅಂಗೈ ತರಚಿ ರಕ್ತ ಬಂದಿತ್ತು. ಕೆಳಗಿದ್ದ ನಮ್ಮವರು ಫೋಟೋ ತೆಗೆಯುತ್ತಿದ್ದೇವೆಂದು ಕೈಬೀಸುತ್ತಿದ್ದರು.

"ಹೆದರಿದೆಯಾ?" ಎಂದು ತಲೆ ಎತ್ತದೆಯೇ ಕೇಳಿದರು.

"ಹೌದು ಮೇಡಂ."

"ನಾನೂ."

ಅವರ ಬಾಯಿಂದ ಆ ಮಾತು ನಾನು ಕೇಳಿದ್ದು ಅದೇ ಮೊದಲು. ಮೆಟ್ಟಿಲುಗಳನ್ನು ಕುಳಿತುಕೊಂಡೇ ಇಳಿದೆವು, ಸಣ್ಣ ಮಕ್ಕಳ ಹಾಗೆ. ಬಸ್ಸಿನಲ್ಲಿ ನನ್ನ ಕೈಯನ್ನು ಬಿಡಲಿಲ್ಲ. ಇಳಿಯುವಾಗ, "ನಾಳೆ ರಜೆ ಹಾಕು. ಮಣಿಪಾಲಕ್ಕೆ ಹೋಗ್ಲಿಕ್ಕೆ ಉಂಟು" ಎಂದರು.

ಮಣಿಪಾಲದಲ್ಲಿ ಕಿವಿಯ ಡಾಕ್ಟರು ಇನ್ನೂ ಚಿಕ್ಕ ವಯಸ್ಸಿನವರು. ಮೇಜಿನ ಡ್ರಾಯರಿನಿಂದ ಎರಡು ಕವಲಿನ ಉಕ್ಕಿನ ಕಡ್ಡಿ ತೆಗೆದರು. ಟ್ಯೂನಿಂಗ್ ಫೋರ್ಕ್. ಅದನ್ನು ಕಂಡು ಇವರಿಗೆ ಒಂದು ಕ್ಷಣ ನಗು ಬಂತು. ಎಷ್ಟು ವರ್ಷ ಎಷ್ಟು ಹುಡುಗಿಯರ ಕೈಯಲ್ಲಿ ಅದನ್ನು ಹಿಡಿಸಿ, ರಬ್ಬರಿಗೆ ಬಡಿಸಿ, ಅಲೆಯ ಪಾಠ ಮಾಡಿದ್ದರೋ. ಡಾಕ್ಟರು ಅದನ್ನು ಮೊಣಕೈಗೆ ತಟ್ಟಿ, ಬುಡವನ್ನು ಅವರ ಹಣೆಯ ನಡುವೆ, ಕುಂಕುಮದ ಸ್ವಲ್ಪ ಮೇಲೆ ಇಟ್ಟರು.

"ಎಲ್ಲಿ ಕೇಳ್ತದೆ ಮೇಡಂ? ನಡುವಿನಲ್ಲಾ, ಎಡದಲ್ಲಾ, ಬಲದಲ್ಲಾ?"

ಅವರ ನಗು ಮುಖದ ಮೇಲೆ ಹಾಗೇ ನಿಂತು ಒಣಗಿತು. ಹಣೆಯ ಸರಿಯಾದ ನಡುವಿಗೆ ಇಟ್ಟ ಸದ್ದು ಎರಡೂ ಕಡೆಗೆ ಸಮನಾಗಿ ಹೋಗಬೇಕು. ಅದು ಅವರಿಗೆ ಡಾಕ್ಟರಿಗಿಂತ ಮೊದಲೇ ಗೊತ್ತು. "ಎಡಕ್ಕೆ ಮಾತ್ರ," ಎಂದರು. ಆಮೇಲೆ ಸಣ್ಣ ಸ್ವರದಲ್ಲಿ, "ಇನ್ನೊಮ್ಮೆ ಮಾಡಿ" ಎಂದರು. ಡಾಕ್ಟರು ಇನ್ನೊಮ್ಮೆ ಇಟ್ಟರು. "ಎಡಕ್ಕೆ." ಅವರು ತಾವೇ ಆ ಫೋರ್ಕನ್ನು ತೆಗೆದುಕೊಂಡು, ತಟ್ಟಿ, ಹಣೆಗೆ ಇಟ್ಟುಕೊಂಡರು. ಬುಡ ಹಣೆಯ ಮೇಲೆ ನಿಲ್ಲದೆ ಜಾರಿ ಕುಂಕುಮ ಹರಡಿತು. ನಾನು ಕಿಟಕಿಯ ಹೊರಗೆ ನೋಡಿದೆ.

ಇನ್ನಷ್ಟು ಪರೀಕ್ಷೆಗಳಾದವು. ಕೇಳಿಸುವ ನರದ ಮೇಲೆ ಗಡ್ಡೆ ಬೆಳೆದಿರಬಹುದು, ತಲೆಯ ಚಿತ್ರ ತೆಗೆಸಿ ನೋಡಬೇಕು ಎಂದರು ಡಾಕ್ಟರು. ಇವರ ಅಣ್ಣ ಬೊಂಬಾಯಿಯಲ್ಲಿದ್ದುದರಿಂದ ಅಲ್ಲಿಗೇ ಹೋಗುವುದೆಂದಾಯಿತು. ಗಡ್ಡೆಯೇ ಆಗಿದ್ದರೆ ತಲೆಬುರುಡೆ ತೆರೆದು ತೆಗೆಯಬೇಕು. ಬಲಗಿವಿ ಹೋಗಿಯೇ ಹೋಗುತ್ತದೆ. ಮುಖದ ನರ ಪಕ್ಕದಲ್ಲೇ ಇದೆ, ಅದಕ್ಕೂ ಪೆಟ್ಟಾಗಬಹುದು. ಅದಕ್ಕಿಂತ ಹೆಚ್ಚಿನ ಅಪಾಯವನ್ನು ಡಾಕ್ಟರು ಬಾಯಿಬಿಟ್ಟು ಹೇಳಲಿಲ್ಲ, ಇವರೂ ಕೇಳಲಿಲ್ಲ.

ಹೊರಗೆ ಬಂದು ಬಸ್ಸಿಗೆ ಕಾಯುವಾಗ ಅವರು ಕೇಳಿದ ಪ್ರಶ್ನೆ ಈಗಲೂ ನನ್ನ ಕಿವಿಯಲ್ಲಿದೆ. "ಒಂದೇ ಕಿವಿಯಲ್ಲಿ ಹಾಡು ಹಾಡಿನ ಹಾಗೆ ಕೇಳ್ತದಾ ಕನ್ನಡ? ಅಥವಾ ಬರೇ ಶಬ್ದ ಆಗ್ತದಾ?" ಸಾಯುವ ಹೆದರಿಕೆಯನ್ನು ನನ್ನೊಡನೆ ಅವರು ಒಮ್ಮೆಯೂ ಹೇಳಲಿಲ್ಲ. ಅದನ್ನು ಹೇಳಲಾರದೆ ಇದನ್ನು ಹೇಳಿದರೋ, ನಿಜವಾಗಿ ಇದೇ ದೊಡ್ಡದಾಗಿತ್ತೋ ನನಗೆ ತಿಳಿಯದು.

ಕ್ಯಾಪ್ಟನಿಗೆ ಹೇಳಲೇಬೇಕೆಂದು ನಾನು ಹಟ ಹಿಡಿದೆ. ಒಂದು ಸಂಜೆ ಇಡೀ ವಾದವಾಯಿತು. "ಅವರು ಅಲ್ಲಿ ಇಂಜಿನ್ನಿನ ಮುಂದೆ ನಿಂತು ಕೆಲಸ ಮಾಡುವಾಗ ಇದು ತಲೆಯಲ್ಲಿ ಇರುವುದು ಬೇಡ," ಎಂದು ಅವರು. "ನೀವು ಹೋಗಿಬಿಟ್ಟರೆ ಆಮೇಲೆ ಅವರು ನನ್ನನ್ನು ಕೇಳ್ತಾರೆ, ನಾನು ಎಂತ ಹೇಳ್ಲಿ?" ಎಂದುಬಿಟ್ಟೆ. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅವರು ನನ್ನನ್ನೇ ನೋಡಿದರು. ಎದ್ದು ಹೋಗಿ ಬೊಂಬಾಯಿಗೆ ಟ್ರಂಕ್ ಕಾಲ್ ಬುಕ್ ಮಾಡಿ, ಎಡಗಿವಿಗೆ ಫೋನು ಹಿಡಿದು ಅಣ್ಣನಿಗೆ ಹೇಳಿದರು: ಹಡಗಿನ ಕಂಪೆನಿಯ ಆಫೀಸಿಗೆ ಹೋಗಿ ಸುದ್ದಿ ಮುಟ್ಟಿಸು.

ಅವರು ಬೊಂಬಾಯಿಯ ಬಸ್ಸು ಹತ್ತಿದ ಮೇಲೆ ಉಡುಪಿಯಲ್ಲಿ ನನಗೆ ಉಳಿದದ್ದು ಪ್ರಿನ್ಸಿಪಾಲರ ಕೋಣೆಯ ಫೋನು. ಗಡ್ಡೆ ಹೌದೆಂದು ಸುದ್ದಿ ಬಂತು. ಆಪರೇಷನ್ನಿನ ದಿನ ಗೊತ್ತಾಯಿತು. ಆ ಬೆಳಗ್ಗೆ ನಾನು ಕಡಿಯಾಳಿಯ ದೇವಸ್ಥಾನದಲ್ಲಿ ನಿಂತು ಏನು ಬೇಡಬೇಕೆಂದು ತಿಳಿಯದೆ ಬರೇ ನಿಂತು ಬಂದೆ. ಕ್ಲಾಸಿನಲ್ಲಿ ಪಾಠ ಮಾಡುವಾಗ ಕಾರಿಡಾರಿನ ಆ ತುದಿಯಲ್ಲಿ ಫೋನು ಗಣಗಣ ಎಂದರೆ ವಾಕ್ಯ ಅರ್ಧದಲ್ಲಿ ನಿಲ್ಲುತ್ತಿತ್ತು. ಫೋನು ಯಾರದೋ ಅಡ್ಮಿಷನ್ನಿನ ವಿಚಾರಕ್ಕೆ ಬಂದಿರುತ್ತಿತ್ತು. ಬಿಡುವಿನಲ್ಲಿ ಸ್ಟಾಫ್ ರೂಮಿನಲ್ಲಿ ಫಿಸಿಕ್ಸಿನ ಖಾಲಿ ಕುರ್ಚಿಯನ್ನು ಕೆಮಿಸ್ಟ್ರಿ ಮೇಡಂ ಮೇಜಿನಡಿಗೆ ತಳ್ಳಿದರು. ನಾನು ಅದನ್ನು ಮತ್ತೆ ಹೊರಗೆ ಎಳೆದಿಟ್ಟೆ.

ಸಂಜೆ ಕಾಲೇಜು ಬಿಟ್ಟರೂ ಪ್ರಿನ್ಸಿಪಾಲರು ಕೋಣೆಗೆ ಬೀಗ ಹಾಕದೆ ನನ್ನೊಡನೆ ಕುಳಿತಿದ್ದರು. ಕೊನೆಗೂ ಫೋನು ಬಂತು. ಆ ಕಡೆ ಕ್ಯಾಪ್ಟನ್. ಹಿಂದಿನ ದಿನವಷ್ಟೇ ವಿಮಾನದಲ್ಲಿ ಬಂದು ಮುಟ್ಟಿದ್ದರು. ಮೊದಲು ಬರೇ ಉಸಿರಿನ ಸದ್ದು ಕೇಳಿತು.

"ಕಣ್ಣು ಬಿಟ್ಟಳು," ಎಂದರು.

ನಾನು ಏನೋ ಅಂದೆ.

"ಡಾಕ್ಟರು ನನ್ನನ್ನು ತೋರಿಸಿ ಇವರು ಯಾರು ಅಂತ ಕೇಳಿದ್ರು, ತಲೆ ಸರಿ ಉಂಟಾ ನೋಡ್ಲಿಕ್ಕೆ. ನನ್ನ ಹೆಸರು ಹೇಳಿದಳು ಮಾರಾಯ್ತಿ! ಮದುವೆಯಾದಲ್ಲಿಂದ ಒಂದು ದಿನ ನನ್ನ ಹೆಸರು ಹೇಳಿದವಳಲ್ಲ ಅವಳು. ಇಡೀ ವಾರ್ಡಿಗೆ ಕೇಳುವ ಹಾಗೆ ಹೇಳಿದಳು." ಅವರು ನಗುತ್ತಿದ್ದರೋ ಅಳುತ್ತಿದ್ದರೋ ಆ ಟ್ರಂಕ್ ಕಾಲ್‌ನಲ್ಲಿ ಗೊತ್ತಾಗಲಿಲ್ಲ.

ಕೆಲವು ತಿಂಗಳ ಮೇಲೆ ಅವರು ಕೆಲಸಕ್ಕೆ ಮರಳಿದರು. ಬಲಗಡೆಯ ತುಟಿ ಕೆಳಗೆ ಜೋತಿತ್ತು, ಬಲಗಣ್ಣು ಪೂರ್ತಿ ಮುಚ್ಚುತ್ತಿರಲಿಲ್ಲ. ಕಪ್ಪು ಕನ್ನಡಕ ಹಾಕಿಕೊಂಡು ಕ್ಲಾಸಿಗೆ ಹೋದರು. ನಾನು ಬಾಗಿಲ ಹೊರಗೆ ನಿಂತಿದ್ದೆ. ಹುಡುಗಿಯರು ಗಾಬರಿಯಿಂದ ನೋಡುತ್ತಿದ್ದರು. "ನನ್ನ ಬಲಗಿವಿ ಹೋಗಿದೆ," ಎಂದರು ಅವರು, ಮಾತು ಸ್ವಲ್ಪ ತೊದಲುತ್ತಿತ್ತು. "ಆ ಬದಿಯ ಬೆಂಚಿನವರು ಗಲಾಟೆ ಮಾಡಿದ್ರೆ ನನಗೆ ಕೇಳುವುದಿಲ್ಲ. ಗಲಾಟೆ ಮಾಡ್ಲಿಕ್ಕೆ ಇರುವವರೆಲ್ಲ ಅಲ್ಲಿ ಹೋಗಿ ಕೂತ್ಕೊಳ್ಳಿ." ಯಾರೋ ಕಿಸಕ್ಕೆಂದರು, ಆಮೇಲೆ ಎಲ್ಲರೂ ನಕ್ಕರು. ಆ ವರ್ಷವಿಡೀ ಬಲಬದಿಯ ಬೆಂಚುಗಳಿಂದ ಒಂದು ಪಿಸುಮಾತೂ ಬರಲಿಲ್ಲ.

ಊರಿನವರು ಧೈರ್ಯ ಎಂದದ್ದು ಇದನ್ನು. ಮನೆಯಲ್ಲಿ ಬೇರೆ. ಎರಡೂ ಪ್ಲೇಯರುಗಳ ಮೇಲೆ ಹಳೆಯ ಸೀರೆ ಮುಚ್ಚಿತ್ತು. ಕ್ಯಾಪ್ಟನ್ ಹಡಗು ಬಿಟ್ಟು ಪಣಂಬೂರಿನ ಬಂದರಿನಲ್ಲಿ ಕೆಲಸ ಹಿಡಿದಿದ್ದರು. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದರು. ಕ್ಯಾಪ್ಟನ್ ಕೂಡ ಒಮ್ಮೆಯೂ ಆ ಸೀರೆಯನ್ನು ಸರಿಸಲಿಲ್ಲ. ಗುಂಯ್ ಎನ್ನುವ ಸದ್ದು ಗಡ್ಡೆಯ ಜೊತೆ ಹೋಗಿರಲಿಲ್ಲ. ನರ ಹೋದ ಕಿವಿಯಲ್ಲೂ ಅದು ಉಳಿಯಬಹುದೆಂದು ಡಾಕ್ಟರು ಮೊದಲೇ ಹೇಳಿದ್ದರಂತೆ. "ಗಲಾಟೆಯಲ್ಲಿ ಇದ್ರೆ ಮರೀತದೆ," ಎಂದು ಅವರು ನನಗೆ ಹೇಳಿದರು. "ರೆಕಾರ್ಡ್ ಹಾಕಿ ಕೂತು, ಹಾಡು ಬಾರದೆ ಬರೇ ಇದೇ ಬಂದ್ರೆ? ಹಾಕದಿದ್ರೆ ಗೊತ್ತಾಗುವುದೇ ಇಲ್ಲ ಅಲ್ವಾ? ಹಾಗೇ ಇರ್ಲಿ."

ಮರುವರ್ಷ ಒಂದು ಭಾನುವಾರ ಬೆಳಗ್ಗೆ ನಾನು ಹೋದಾಗ ಕ್ಯಾಪ್ಟನ್ ಬಾಗಿಲಲ್ಲೇ ನಿಂತಿದ್ದರು. ಮಾತಾಡಬೇಡ ಎಂಬಂತೆ ಕೈ ಮಾಡಿದರು. ಒಳಗೆ ಸೀರೆ ಸರಿದಿತ್ತು. ಮೇಡಂ ತಾವೇ ಸರಿಸಿದ್ದಂತೆ, ಯಾರಿಗೂ ಹೇಳದೆ. ಕುರ್ಚಿಯನ್ನು ಸ್ಪೀಕರುಗಳಿಗೆ ಅಡ್ಡವಾಗಿ ಎಳೆದುಕೊಂಡು, ಎಡಗಿವಿಯನ್ನು ಮುಂದೆ ಮಾಡಿ ಕುಳಿತಿದ್ದರು. ಮಡಿಲಲ್ಲಿ ಎರಡೂ ಕೈಗಳು ಒಂದನ್ನೊಂದು ಹಿಡಿದುಕೊಂಡಿದ್ದವು. ನಾನು ಗೋಡೆಗೆ ಒರಗಿದೆ.

"ಹಾಕಿ," ಎಂದರು.

ಕ್ಯಾಪ್ಟನ್ ಸೂಜಿ ಇಳಿಸಿದರು. ಖಾಲಿ ಗೆರೆಯಲ್ಲಿ ಅದು ಸುತ್ತತೊಡಗಿತು. ಮೇಡಂ ಮುಖದ ಎಡಬದಿ ಬಿಗಿದು, ಕೊರಳಿನ ನರ ಎದ್ದು ಕಾಣುತ್ತಿತ್ತು. ಅವರಿಗೆ ಆಗ ಏನು ಕೇಳುತ್ತಿತ್ತೆಂದು ನನಗೆ ಗೊತ್ತಿತ್ತು. ಕುರ್ಚಿಯಿಂದ ಎದ್ದುಬಿಡುತ್ತಾರೆಂದುಕೊಂಡೆ.

ಪಿಯಾನೋ ಸುರುವಾಯಿತು.

ಅವರು ಅಲುಗಾಡಲಿಲ್ಲ. ಮೊದಲ ಸ್ವರಗಳು ಹೋದವು. ಉದ್ದದ ಒಂದು ಸ್ವರ ಬಂದು ಗಾಳಿಯಲ್ಲಿ ನಿಂತು ಕರಗಿತು. ಅವರ ಎಡಗಣ್ಣಿನಿಂದ ನೀರು ಇಳಿಯತೊಡಗಿತು. ಬಲಗಣ್ಣು ಒಣಗಿಯೇ ಇತ್ತು, ಅದಕ್ಕೆ ಆಪರೇಷನ್ನಿನ ಮೇಲೆ ನೀರು ಬರುತ್ತಿರಲಿಲ್ಲ. ಕ್ಯಾಪ್ಟನ್ ಗಾಬರಿಯಾಗಿ ಬಗ್ಗಿ, ಅವರ ಎಡಗಿವಿಯ ಹತ್ತಿರ ಕೇಳಿದರು.

"ಎಂತ ಆಯ್ತು? ಸರಿ ಕೇಳುವುದಿಲ್ವಾ? ಇನ್ನೊಂದರಲ್ಲಿ ಹಾಕ್ಲಾ, ನಿನ್ನ ಬೆಲ್ಟಿನದ್ದರಲ್ಲಿ?"

ಅವರು ಕೈಯೆತ್ತಿ ಗಂಡನ ಮಾತನ್ನು ತಡೆದರು.

"ಯಾ‌ವುದಾದ್ರೂ ಆಗ್ತದೆ. ನಿಲ್ಲಿಸ್ಬೇಡಿ."

ಆ ಬದಿ ಮುಗಿದಾಗ ಕ್ಯಾಪ್ಟನ್ ಏನೂ ಕೇಳದೆ ರೆಕಾರ್ಡನ್ನು ಮಗುಚಿ ಹಾಕಿದರು.